ಅಡಿಕೆ ತೋಟದ ಮನೆ, ವಿಷದ ಹಾವುಗಳು: ನನ್ನ ಅನುಭವ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ತೋಟದ ಮನೆ. ಹಿಂದೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಮುಂದೆ ಅಡಿಕೆ ತೋಟ, ಪಕ್ಕದಲ್ಲಿ ಕೊಟ್ಟಿಗೆ. ಇಂಥ ಜಾಗದಲ್ಲಿ ಹಾವು ಬರುವುದು ವಿಶೇಷವೇನಲ್ಲ. ಈಗ ಪೇಟೆ ಬಿಟ್ಟು ಊರಿಗೆ ಬಂದವರು ಜಾಸ್ತಿ ಆಗಿದ್ದಾರೆ, ಅವರಲ್ಲಿ ಸುಮಾರು ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಏನು ಹಾಕಿದರೆ ಹಾವು ಬರಲ್ಲ?"

ಏನು ಹಾಕಿದರೂ ಬರುತ್ತದೆ. ಬೆಳ್ಳುಳ್ಳಿ, ಗಂಧಕ, ಫಿನಾಯಿಲ್, ಸೀಮೆಎಣ್ಣೆ, ಅಂಗಡಿಯಲ್ಲಿ ಸಿಗುವ ಪುಡಿ, ಯಾವುದನ್ನೂ ನಂಬಿ ಕೂರಬೇಡಿ. ಹಾವು ಬರುವುದು ಇಲಿಗೆ, ಕಪ್ಪೆಗೆ, ಬೆಚ್ಚಗೆ ಅಡಗಿ ಕೂರುವ ಸಂದಿಗೆ. ಅವು ಮನೆ ಹತ್ತಿರ ಕಡಿಮೆಯಾದರೆ ಹಾವು ದಾರಿ ಹಿಡಿದು ಮುಂದೆ ಹೋಗುತ್ತದೆ.

ಹಾಗಾಗಿ ನಾನು ಕೈ ಹಾಕಿದ್ದು ಮೊದಲು ಕಟ್ಟಿಗೆ ರಾಶಿಗೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಕಟ್ಟಿಗೆಯನ್ನು ಬಚ್ಚಲುಮನೆ ಗೋಡೆಗೇ ಒತ್ತಿ ಪೇರಿಸುವುದು ರೂಢಿ. ಅದನ್ನು ಗೋಡೆಯಿಂದ ಬಿಡಿಸಿ, ಅಂಗಳದ ಆಚೆ, ನೆಲದಿಂದ ಮೊಣಕಾಲೆತ್ತರದ ಅಟ್ಟಣಿಗೆ ಕಟ್ಟಿಸಿ ಅದರ ಮೇಲೆ ಪೇರಿಸಿದೆ. ಈಗ ಕೆಳಗೆ ಬೆಳಕು ಕಾಣುತ್ತದೆ, ಕಸಬರಿಗೆ ಆಡುತ್ತದೆ. ದನಗಳ ಹಿಂಡಿ, ಬೂಸಾ ಚೀಲದಲ್ಲಿದ್ದದ್ದು ಮುಚ್ಚಳದ ಡ್ರಮ್ಮಿಗೆ ಹೋಯಿತು. ಇದರಿಂದ ಆದ ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ ಅಂತಲೇ ನನ್ನ ಅನಿಸಿಕೆ, ಏಕೆಂದರೆ ಇಲಿಗೆ ಊಟ ಹಾಕುತ್ತಿದ್ದದ್ದೇ ಆ ಚೀಲಗಳು. ಬಚ್ಚಲ ನೀರು ಹೋಗುವ ಕಂಡಿಗೆ ಕಬ್ಬಿಣದ ಜಾಲರಿ ಬಂತು, ಹಿಂಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಬಂತು. ಹಳೇ ಹೆಂಚು, ಒಡೆದ ಚಿರೆಕಲ್ಲು, "ಮುಂದೆ ಬೇಕಾಗುತ್ತದೆ" ಅಂತ ಇಟ್ಟುಕೊಂಡ ತಗಡು ಎಲ್ಲ ದೂರ ಸಾಗಿಸಿದ್ದಾಯಿತು.

ಇನ್ನೊಂದು, ತರಕಾರಿ ಪಾತಿಗೆ ಸುತ್ತುವ ತೆಳು ನೈಲಾನ್ ಬಲೆ. ದಯವಿಟ್ಟು ನೆಲಕ್ಕೆ ತಾಗುವಂತೆ ಅದನ್ನು ಕಟ್ಟಬೇಡಿ. ಹಾವು ಒಂದು ಕಣ್ಣಿಗೆ ತಲೆ ತೂರಿಸಿದರೆ ಹಿಂದೆ ಬರಲಾರದು. ಎಳೆದಷ್ಟೂ ದಾರ ಹುರುಪೆಯ ಅಡಿಗೆ ಸೇರಿ ಕೊಯ್ಯುತ್ತದೆ. ಹಾಗೆ ಸಿಕ್ಕಿಕೊಂಡ ಒಂದು ನಾಗರವನ್ನು ಬಿಡಿಸುವುದನ್ನು ನೋಡಿದ್ದೇನೆ, ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸುವಾಗ ಅದು ಬುಸುಗುಟ್ಟುವುದನ್ನೂ ಬಿಟ್ಟು ಸುಮ್ನೆ ಬಿದ್ದಿತ್ತು. ತುಂಬಾ ಸಂಕಟವಾಯಿತು. ಅದು ಬದುಕಿತು ಅನ್ನುವುದೊಂದೇ ಸಮಾಧಾನ.

ನಾನು ಹಾವು ಹಿಡಿಯುವುದಿಲ್ಲ. ಕಲಿಯುವ ಆಸೆಯೂ ಇಲ್ಲ. ವಿಡಿಯೋ ನೋಡಿ ಬಾಲ ಹಿಡಿದೆತ್ತುವ ಹುಡುಗರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಮನೆಯವರ ಕೆಲಸ ಹಿಡಿಯುವುದಲ್ಲ, ಹಾವು ಎಲ್ಲಿದೆ ಅನ್ನುವುದು ಕೈತಪ್ಪದಂತೆ ನೋಡಿಕೊಳ್ಳುವುದು. ಉರಗ ರಕ್ಷಕರು ಬರುವ ಹೊತ್ತಿಗೆ "ಇಲ್ಲೇ ಎಲ್ಲೋ ಇತ್ತು" ಅಂದರೆ ಅವರೇನು ಮಾಡಿಯಾರು? ಆ ರಾತ್ರಿ ನಿದ್ದೆ ಕೆಡುವುದು ನಮ್ಮದೇ ಅಲ್ವಾ?

ಒಮ್ಮೆ ಸಂಜೆ ಹೊತ್ತು ಬಚ್ಚಲೊಲೆಯ ಪಕ್ಕ ನಾಗರಹಾವು ಬಂದು ಕೂತಿತ್ತು. ಒಲೆ ಆರಿದ್ದರೂ ಕಲ್ಲು ಬೆಚ್ಚಗಿತ್ತು, ಅದಕ್ಕೇ ಇರಬೇಕು. ನಾನು ಬಾಗಿಲು ತೆಗೆದ ಸದ್ದಿಗೆ ಮುಂಭಾಗ ಎತ್ತಿ ಹೆಡೆ ಬಿಚ್ಚಿತು. ಹೆಡೆಯ ಅಂಚಿನ ಹುರುಪೆ ಬಿಡಿಬಿಡಿಯಾಗಿ ನಡುವೆ ಬಿಳಿ ಚರ್ಮ ಕಾಣುತ್ತಿತ್ತು, ನಾಲಿಗೆ ಒಂದೇ ಸಮನೆ ಹೊರಗೆ ಒಳಗೆ ಆಡುತ್ತಿತ್ತು. ನಿಂತಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಹೆಡೆ ತಾನೇ ಇಳಿಯಿತು, ಆಮೇಲೆ ನಿಧಾನಕ್ಕೆ ಹಿಂದೆ ಸರಿದೆ. ಮಾಡಿದ್ದು ಇಷ್ಟೇ. ದೀಪ ಹಾಕಿಯೇ ಬಿಟ್ಟೆ. ಒಳಮನೆಗೆ ಬರುವ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ ಒತ್ತಿದೆ. ನಾಯಿಯನ್ನು ಕಟ್ಟಿಸಿದೆ. ಮಗನನ್ನು ಅಂಗಳದ ಕಡೆಯಿಂದ, ಎರಡು ಆಳುದ್ದದಾಚೆ ಕುರ್ಚಿ ಹಾಕಿ ಕೂರಿಸಿದೆ, ಹಾವಿನ ಮೇಲಿಂದ ಕಣ್ಣು ತೆಗೆಯಬೇಡ, ಫೋನ್ ನೋಡಬೇಡ ಅಂತ ಹೇಳಿ. ಅತ್ತೆ ಕೈಮುಗಿದು "ನಿನ್ನ ಜಾಗಕ್ಕೆ ನೀನು ಹೋಗಪ್ಪಾ" ಅಂದರು. ಹಾಲಿಡಬೇಕು ಅಂತಲೂ ಅಂದರು, ಅದನ್ನು ಮಾತ್ರ ಬೇಡ ಅಂದೆ. ಹಾಲು ಹಾವಿನ ಆಹಾರವಲ್ಲ, ಬಟ್ಟಲು ಇಡಲು ಹತ್ತಿರ ಹೋಗುವ ಕೈಗೆ ಅಪಾಯ.

ರಕ್ಷಕರು ಬಂದವರು ಸರ್ಕಸ್ ಏನೂ ಮಾಡಲಿಲ್ಲ. ಕಪ್ಪು ಪಿವಿಸಿ ಪೈಪಿನ ಒಂದು ತುದಿಗೆ ಬಟ್ಟೆ ಚೀಲ ಕಟ್ಟಿ, ಇನ್ನೊಂದು ತುದಿಯನ್ನು ಹಾವಿನ ಮುಂದೆ ಇಟ್ಟು, ಕೊಕ್ಕೆಯಿಂದ ಹಿಂದಿನಿಂದ ಸ್ವಲ್ಪ ತಟ್ಟಿದರು. ಬಿಲ ಸಿಕ್ಕಿತು ಅಂತ ಅದು ತಾನೇ ಒಳಗೆ ಹರಿದುಹೋಯಿತು. ಬೆಟ್ಟದ ಅಂಚಿನಲ್ಲೇ ಬಿಟ್ಟರು. ದೂರ ಒಯ್ದು ಬಿಡಿ ಅಂತ ಹಠ ಮಾಡುವವರಿಗೆ ಒಂದು ಮಾತು. ಗುರುತಿಲ್ಲದ ಕಾಡಿನಲ್ಲಿ ಬಿಟ್ಟ ಹಾವು ಅಡಗುವ ಜಾಗ ಗೊತ್ತಿಲ್ಲದೆ ಅಲೆಯುತ್ತದೆ, ಇನ್ಯಾರದೋ ಅಂಗಳ ಸೇರುತ್ತದೆ.

ನಾಗರವನ್ನು ನಮ್ಮ ಕಡೆ ಯಾರೂ ಕೊಲ್ಲುವುದಿಲ್ಲ. ಆ ಭಕ್ತಿ ಬೇರೆ ಹಾವಿಗೂ ಸಿಗಬೇಕಿತ್ತು ಅನಿಸುತ್ತದೆ. ಕೊಳಕುಮಂಡಲ ಅಂದುಕೊಂಡು ಹೆಬ್ಬಾವಿನ ಮರಿಯನ್ನು ಹೊಡೆಯುತ್ತಾರೆ, ಇಲಿ ತಿಂದು ಉಪಕಾರ ಮಾಡುವ ಕೇರೆಯನ್ನೂ ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ ಅನ್ನುವುದು ಒಂದು ಕಡೆ ಇರಲಿ, ಕಡಿತ ಆಗುವುದು ಎಷ್ಟೋ ಸಲ ದೊಣ್ಣೆ ಹಿಡಿದು ಹೋದವರಿಗೇ. ತುಂಡಾದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು, ಗೊತ್ತಿರಲಿ.

ನನಗೆ ನಿಜವಾದ ಭಯ ಇರುವುದು ಎರಡಕ್ಕೆ. ಒಂದು ಕೊಳಕುಮಂಡಲ. ಬೆನ್ನ ಮೇಲೆ ಸರಪಳಿಯ ಹಾಗೆ ಸಾಲಾಗಿ ಕಂದು ಬೊಟ್ಟುಗಳು, ದಪ್ಪ ಮೈ, ತರಗೆಲೆಯ ಮೇಲೆ ಬಿದ್ದಿದ್ದರೆ ತರಗೆಲೆಯೇ. ಓಡಿಹೋಗುವ ಬುದ್ಧಿ ಅದಕ್ಕೆ ಕಡಿಮೆ, ಇದ್ದಲ್ಲೇ ಸುತ್ತಿಕೊಂಡು ಕುಕ್ಕರಿನಿಂದ ಹಬೆ ಬಿಟ್ಟಂತೆ ಜೋರಾಗಿ ಬುಸುಗುಟ್ಟುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಒಮ್ಮೆಗೆ ಇಪ್ಪತ್ತು ಮೂವತ್ತು. ಮಳೆ ಶುರುವಾಗುವ ಹೊತ್ತಿಗೆ ಗೇಣುದ್ದದ ಮರಿ ಕಂಡರೆ ಚಿಕ್ಕದು ಅಂತ ಸಸಾರ ಮಾಡಬೇಡಿ, ಹುಟ್ಟುವಾಗಲೇ ಅದಕ್ಕೆ ವಿಷ ಇರುತ್ತದೆ.

ಇನ್ನೊಂದು ಕಟ್ಟುಹಾವು. ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳ್ಳನೆ ಬಿಳಿ ಪಟ್ಟಿಗಳು. ಹಗಲು ಮುಟ್ಟಿದರೂ ಮುದುಡಿಕೊಳ್ಳುವ ಇದು ರಾತ್ರಿ ಬೇರೆಯೇ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ವಾಂತಿ ಅಂತ ಎದ್ದವರಿಗೆ ಆಮೇಲೆ ರೆಪ್ಪೆ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ, ಉಸಿರು ಸೋಲುತ್ತದೆ. ಅಜೀರ್ಣ ಅಂತ ಜೀರಿಗೆ ಕಷಾಯ ಕುಡಿಸಿ ಕೂತರೆ ಜೀವ ಹೋಗುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ನಿಯಮ, ಯಾರೇ ನೆಂಟರು ಬರಲಿ, ಸೆಕೆಯೇ ಇರಲಿ, ಜಗಲಿಯಲ್ಲಿ ಚಾಪೆ ಹಾಕಿ ಮಲಗುವಂತಿಲ್ಲ. ಮಂಚ, ಮಂಚಕ್ಕೆ ಸೊಳ್ಳೆಪರದೆ, ಪರದೆಯ ಅಂಚು ಹಾಸಿಗೆಯ ಅಡಿಗೆ. ಸೊಳ್ಳೆಪರದೆಯಷ್ಟು ಅಗ್ಗದ ರಕ್ಷಣೆ ಕಟ್ಟುಹಾವಿಗೆ ಬೇರೆ ಇಲ್ಲ.

ತೋಟದಲ್ಲಿ ಗುಳಿಮಂಡಲಗಳೂ (ಪಿಟ್ ವೈಪರ್) ಇವೆ, ಪೊದೆಯಲ್ಲಿ, ಕಾಳುಮೆಣಸಿನ ಬಳ್ಳಿಯಲ್ಲಿ. ನಮ್ಮಲ್ಲಿ ಸಿಗುವ ಪ್ರತಿವಿಷ, ಅಂದರೆ ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು, ಗುಳಿಮಂಡಲಕ್ಕಲ್ಲ. ಹಾಗಂತ ಆಸ್ಪತ್ರೆಗೆ ಹೋಗದೆ ಇರುವಂತಿಲ್ಲ. ಯಾವ ಹಾವು ಅಂತ ತೀರ್ಮಾನ ಮಾಡುವವರು ನಾವಲ್ಲ.

ಕಡಿತದ ಮಾತಿಗೆ ಬರುತ್ತೇನೆ. ಅಡಿಕೆ ಹೆಕ್ಕಲು ಬರುತ್ತಿದ್ದ ಒಬ್ಬರಿಗೆ ಸೋಗೆ (ಬಿದ್ದ ಅಡಿಕೆ ಗರಿ) ಎತ್ತುವಾಗ ಕೊಳಕುಮಂಡಲ ಕೈಗೆ ಕಚ್ಚಿತು. ಬಳೆ, ಉಂಗುರ ತಕ್ಷಣ ತೆಗೆಸಿದೆವು. ಬಾವು ಏರಿದ ಮೇಲೆ ಅವು ಬರುವುದಿಲ್ಲ, ಬೆರಳನ್ನೇ ಹಿಂಡುತ್ತವೆ. ಒಂದು ಪಟ್ಟಿ ಹಲಗೆ ಇಟ್ಟು ಸೀರೆಯ ಅಂಚಿನಿಂದ ಕೈ ಅಲುಗದ ಹಾಗೆ ಸಡಿಲವಾಗಿ ಸುತ್ತಿದೆವು. ಬಿಗಿಯಾಗಿ ಹಗ್ಗ ಕಟ್ಟಲು, ಬ್ಲೇಡಿನಲ್ಲಿ ಕೊಯ್ಯಲು ಬಂದವರನ್ನು ತಡೆಯುವುದೇ ದೊಡ್ಡ ಕೆಲಸವಾಯಿತು. ನಾಟಿ ಔಷಧಿಯವರ ಹೆಸರೂ ಬಂತು. ಅವರ ಕೈಗುಣದಿಂದ ಉಳಿದವರ ಕತೆಗಳು ಊರಲ್ಲಿ ಬೇಕಾದಷ್ಟಿವೆ, ಆದರೆ ಕಚ್ಚುವ ಹಾವೆಲ್ಲ ವಿಷದ್ದಲ್ಲ, ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಅಂಥವರು ಹೇಗೂ ಉಳಿಯುತ್ತಿದ್ದರು.

ಕಡಿತವಾದವರನ್ನು ನಡೆಸದೆ ಎತ್ತಿಕೊಂಡೇ ರಸ್ತೆಗೆ ತಂದೆವು. ಜೀಪು ಇತ್ತು, ಇಲ್ಲದಿದ್ದರೆ 108ಕ್ಕೆ ಕರೆ ಮಾಡುತ್ತಿದ್ದೆವು. ಆಸ್ಪತ್ರೆಯಲ್ಲಿ ಒಣ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟರು. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿರಲಿಲ್ಲ, ನೀರಿನ ಹಾಗೆ ಹರಿಯಿತು. ವಿಷ ಏರಿದೆ ಅಂತ ಹೇಳಿ ಪ್ರತಿವಿಷ ಶುರು ಮಾಡಿದರು. ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅಂತ ಪದೇ ಪದೇ ಕೇಳುತ್ತಿದ್ದರು, ಈ ವಿಷ ಕಿಡ್ನಿಯನ್ನು ಹಾಳು ಮಾಡುತ್ತದೆ. ಅವರು ಉಳಿದರು, ಈಗಲೂ ತೋಟಕ್ಕೆ ಬರುತ್ತಾರೆ.

ಅಂದಿನಿಂದ ತೋಟಕ್ಕೆ ಇಳಿಯುವ ಎಲ್ಲರಿಗೂ ಗಂಬೂಟು, ದಪ್ಪ ಕೈಗವಸು ಕೊಡುತ್ತೇನೆ. ಸೋಗೆ, ಅಡಿಕೆ ಹಾಳೆ ಎತ್ತುವ ಮುಂಚೆ ಕೋಲಿನಿಂದ ಮಗುಚಿ ನೋಡಬೇಕು. ಕೂಲಿ ಕೊಡುವವರೇ ಇದನ್ನು ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬರಿಗಾಲಲ್ಲಿ ದುಡಿಯುವವರಿಗೆ "ಜೋಪಾನ" ಅಂತ ಬಾಯಲ್ಲಿ ಹೇಳಿದರೆ ಸಾಲದು.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು, ಖಾಸಗಿ ಆಸ್ಪತ್ರೆಗಳೂ ಮಾಡಬೇಕು. ಎಲ್ಲಿ ಎಷ್ಟು ಕಡಿತ ಆಗುತ್ತದೆ ಅಂತ ಲೆಕ್ಕ ಸಿಕ್ಕರೆ ತಾನೇ ಅಲ್ಲಿಗೆ ಪ್ರತಿವಿಷ ತಲುಪುವುದು? ನಾವೂ ನಮ್ಮ ಮಟ್ಟಿಗೆ ತಯಾರಿರಬೇಕು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಎರಡು ವಿಷಯ ಕೇಳಿಕೊಂಡು ಬರುತ್ತೇನೆ: ಪ್ರತಿವಿಷ ದಾಸ್ತಾನು ಇದೆಯಾ, ರಾತ್ರಿ ಉಸಿರಾಟದ ಯಂತ್ರ ಬೇಕಾದರೆ ಯಾವ ಊರಿಗೆ ಕಳಿಸುತ್ತೀರಿ. ಉತ್ತರವನ್ನು, ಉರಗ ರಕ್ಷಕರ ನಂಬರಿನ ಜೊತೆ, ಅಡುಗೆಮನೆ ಬಾಗಿಲ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರ, ಅಲ್ಲಿಗೆ ಓಡುವವರು ಯಾರು ಅನ್ನುವುದನ್ನೂ ಆ ಚೀಟಿಯಲ್ಲೇ ಬರೆದಿದ್ದೇನೆ.