ಎಂ25 ಮೇಲೆ ಗಾಡಿ ಓಡ್ಸೋದು ಹೇಗೆ: ಬೈಕೊಂಡ್ರೂ ಬಿಡಕ್ಕಾಗದ ಲಂಡನ್ ರಿಂಗ್ ರೋಡ್

ಲಂಡನ್ ಸುತ್ತ ಇರೋ ಎಂ25 ಬಗ್ಗೆ ಇಲ್ಲಿ ಯಾರನ್ನ ಕೇಳಿದ್ರೂ ಮೊದ್ಲು ಬರೋದು ಬೈಗುಳನೇ. ದೊಡ್ಡ ಕಾರ್ ಪಾರ್ಕ್ ಅಂತಾರೆ, ಆ ರೋಡ್ ಸಹವಾಸನೇ ಬೇಡ ಅಂತಾರೆ, ಆದ್ರೆ ಸೋಮವಾರ ಬೆಳಗ್ಗೆ ಕೆಲ್ಸಕ್ಕೆ ಹೋಗೋಕೆ ಅದೇ ಬೇಕು. ನಂದೂ ಅದೇ ಕಥೆ. ಮನೆ ಇರೋದು ಡಾರ್ಟ್‌ಫರ್ಡ್ ಹತ್ರ, ಅಪ್ಪ ಅಮ್ಮ ಬೆಂಗಳೂರಿಂದ ಬಂದಿಳಿಯೋದು ಹೀತ್ರೋದಲ್ಲಿ, ಅಂದ್ರೆ ಊರಿನ ಪೂರ್ವದ ತುದಿಯಿಂದ ಪಶ್ಚಿಮದ ತುದಿ. ಈ ರೋಡ್ ಇಲ್ದೇ ಹೋಗಿದ್ರೆ ಊರೊಳಗೆ ನುಗ್ಗಿ ಸಿಗ್ನಲ್ ಮೇಲೆ ಸಿಗ್ನಲ್ ದಾಟ್ಕೊಂಡು ಹೋಗ್ಬೇಕಿತ್ತು. 1986ರ ಅಕ್ಟೋಬರ್ 29ಕ್ಕೆ ಆಗಿನ ಪ್ರಧಾನಿ ಥ್ಯಾಚರ್ ಕೊನೇ ತುಂಡನ್ನ ಉದ್ಘಾಟನೆ ಮಾಡಿ ಸುತ್ತು ಪೂರ್ತಿ ಆಗೋ ತನಕ ಜನ ಹಾಗೇ ಕಷ್ಟಪಟ್ಟು ಓಡಾಡ್ತಿದ್ರು. ಹೊಸದಾಗಿ ಬಂದವ್ರು ತುಂಬಾ ಜನ ಇದರ ಹೆಸರು ಕೇಳಿನೇ ಹೆದರ್ಕೋತಾರೆ, ಅವರಿಗೋಸ್ಕರ ನಂಗೆ ಗೊತ್ತಿರೋದನ್ನ ಬರೀತಿದೀನಿ.

ಮೊದ್ಲು ದಿಕ್ಕು ತಲೇಲಿ ಕೂರಿಸ್ಕೊಳ್ಳಿ. ಇಡೀ ಸುತ್ತು 117 ಮೈಲಿ, ಅಂದ್ರೆ 188 ಕಿಲೋಮೀಟರ್, ಬೆಂಗಳೂರಿಂದ ಮೈಸೂರಿಗಿಂತ ಜಾಸ್ತಿ, ಹಾಗಾಗಿ ಉಲ್ಟಾ ದಿಕ್ಕಲ್ಲಿ ಹತ್ತಿಬಿಟ್ರೆ ಕಥೆ ಮುಗೀತು. ನಾನು ಇಟ್ಕೊಂಡಿರೋ ಲೆಕ್ಕ ದೇವಸ್ಥಾನದ ಪ್ರದಕ್ಷಿಣೆ. ದೇವರು ಬಲಕ್ಕಿದ್ರೆ ಪ್ರದಕ್ಷಿಣೆ ಅಲ್ವಾ, ಹಾಗೇ ಲಂಡನ್ ನಿಮ್ಮ ಬಲಗೈಗೆ ಇದ್ರೆ ನೀವು ಕ್ಲಾಕ್‌ವೈಸ್ ಹೋಗ್ತಿದೀರ, ಜಂಕ್ಷನ್ ನಂಬರ್ ಏರ್ತಾ ಹೋಗತ್ತೆ. ಡಾರ್ಟ್‌ಫರ್ಡ್ ಕಡೆಯಿಂದ ಶುರು ಆಗಿ 31ರ ತನಕ. ಲಂಡನ್ ಎಡಕ್ಕಿದ್ರೆ ಅಪ್ರದಕ್ಷಿಣೆ, ನಂಬರ್ ಇಳೀತಾ ಬರತ್ತೆ. ಹತ್ತೋಕೆ ಮುಂಚೆ ಎರಡು ನಂಬರ್ ಬಾಯಿಪಾಠ ಇರ್ಲಿ: ನೀವು ಇಳಿಯೋ ಜಂಕ್ಷನ್, ಅದರ ಹಿಂದಿನ ಜಂಕ್ಷನ್. ಹಿಂದಿನದು ದಾಟಿದ ತಕ್ಷಣ ನಿಧಾನಕ್ಕೆ ಎಡಕ್ಕೆ ಬಂದ್ಬಿಡಿ. ಗ್ಯಾಟ್ವಿಕ್ ಏರ್‌ಪೋರ್ಟಿಗೆ 7, ಎಂ3 ಮೋಟರ್‌ವೇಗೆ 12, ಹೀತ್ರೋ ಟರ್ಮಿನಲ್ 4, 5ಕ್ಕೆ 14, ಟರ್ಮಿನಲ್ 2, 3ಕ್ಕೆ 15, ಬರ್ಮಿಂಗ್‌ಹ್ಯಾಮ್ ಹತ್ರದ ಬಾಲಾಜಿ ದೇವಸ್ಥಾನಕ್ಕೆ ಹೋಗೋರಿಗೆ 16ರಲ್ಲಿ ಎಂ40.

ಜಂಕ್ಷನ್ 5 ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಅಲ್ಲಿ ನೇರ ಹೋದ್ರೆ ಎಂ25 ಸಿಗಲ್ಲ. ಪ್ರದಕ್ಷಿಣೆಯಲ್ಲಿ ನೇರ ಹೋದೋರು ಎ21 ಅನ್ನೋ ಬೇರೆ ರೋಡಿಗೆ ಹೋಗ್ಬಿಡ್ತಾರೆ, ಅಪ್ರದಕ್ಷಿಣೆಯಲ್ಲಿ ನೇರ ಹೋದೋರು ಎಂ26ಗೆ. ಎಂ25ರಲ್ಲೇ ಉಳೀಬೇಕಾದ್ರೆ ಬೋರ್ಡ್ ನೋಡ್ಕೊಂಡು ಕವಲು ಹಿಡೀಬೇಕು. ಅಪ್ಪ ಅಮ್ಮ ಮೊದಲ ಸಲ ಬಂದಾಗ ಹೀತ್ರೋಯಿಂದ ಕರ್ಕೊಂಡು ಬರ್ತಾ ನಂಗೆ ಇದೇ ಆಯ್ತು, ಇಬ್ರೂ ಹಿಂದೆ ನಿದ್ದೆ, ನಾನು ಊರಿನ ಸುದ್ದಿ ಕೇಳಿದ ಖುಷೀಲಿ ನೇರ ಹೋಗ್ತಾನೇ ಇದ್ದೆ, ನೋಡಿದ್ರೆ ಬೋರ್ಡಲ್ಲಿ ಎಂ26. ಅದರ ಮೇಲೆ ಒಂದ್ಸಲ ಹೋದ್ರೆ ರಾಥಮ್ ಅನ್ನೋ ಊರಿನ ತನಕ ಇಳಿಯೋಕೆ ದಾರಿನೇ ಇಲ್ಲ. ಅಂಥ ಹೊತ್ತಲ್ಲಿ ಮಾಡ್ಬೇಕಾದ್ದು ಒಂದೇ, ಗಾಬರಿ ಆಗ್ದೇ ಹೋಗ್ತಾ ಇರಿ, ಬ್ರೇಕ್ ಹಾಕಿ ಕೊನೇ ಕ್ಷಣದಲ್ಲಿ ಗೆರೆ ದಾಟೋಕೆ ಹೋಗ್ಬೇಡಿ. ರಾಥಮಲ್ಲಿ ತಿರುಗಿ ಎಂ20 ಹಿಡಿದ್ರೆ ಸ್ವಾನ್ಲಿ ಹತ್ರ ಜಂಕ್ಷನ್ 3ಕ್ಕೆ ವಾಪಸ್ ಸೇರ್ಕೋಬಹುದು. ಜಂಕ್ಷನ್ ತಪ್ಪಿದ್ರೆ ಹಾಳಾಗೋದು ಒಂದಿಷ್ಟು ನಿಮಿಷ ಅಷ್ಟೇ.

ಇನ್ನು ಡಾರ್ಟ್‌ಫರ್ಡ್ ಕ್ರಾಸಿಂಗ್. ಥೇಮ್ಸ್ ದಾಟೋ ಈ ತುಂಡು ಲೆಕ್ಕಕ್ಕೆ ಎಂ25 ಅಲ್ಲ, ಎ282. ದಕ್ಷಿಣಕ್ಕೆ ಬರೋರಿಗೆ 1991ರ ಸೇತುವೆ, ಉತ್ತರಕ್ಕೆ ಹೋಗೋರಿಗೆ ನದಿ ಕೆಳಗಿನ ಎರಡು ಸುರಂಗ, ಒಂದು 1963ದು ಇನ್ನೊಂದು 1980ದು. ಸುರಂಗದ ಕಡೆ ಟ್ರಾಫಿಕಲ್ಲಿ ಜಾಸ್ತಿ ನಿಲ್ಬೇಕಾಗತ್ತೆ. ಇಲ್ಲಿ ಟೋಲ್ ಬೂತ್ ಇಲ್ಲ, ಫಾಸ್ಟ್ಯಾಗ್ ಥರದ ಸ್ಟಿಕರೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದ್ಕೊಳತ್ತೆ ಅಷ್ಟೇ, ದುಡ್ಡು ಕಟ್ಟೋದು ನೆನಪಿಟ್ಕೋಬೇಕಾದ್ದು ನೀವು. ಬೆಳಗ್ಗೆ 6ರಿಂದ ರಾತ್ರಿ 10ರ ತನಕ ಚಾರ್ಜ್, 2025ರ ಸೆಪ್ಟೆಂಬರಿಂದ ಕಾರಿಗೆ 3.50 ಪೌಂಡ್, ಮಾರನೇ ದಿನ ಮಧ್ಯರಾತ್ರಿ ಒಳಗೆ ಆನ್‌ಲೈನಲ್ಲಿ ಕಟ್ಬೇಕು. ಮರೆತ್ರೆ 70 ಪೌಂಡ್ ದಂಡ, 14 ದಿನದೊಳಗೆ ಕಟ್ಟಿದ್ರೆ 35. ಹೋಗ್ತಾ ಒಂದ್ಸಲ ಬರ್ತಾ ಒಂದ್ಸಲ ದಾಟಿದ್ರೆ ಎರಡು ಸಲ ಕಟ್ಬೇಕು ಅನ್ನೋದೂ ಮರೀಬೇಡಿ. ಪದೇಪದೇ ದಾಟೋರು ಅಕೌಂಟ್ ಮಾಡ್ಕೊಂಡ್ಬಿಡಿ, ತಲೆನೋವು ಹೋಗತ್ತೆ.

ಸ್ಪೀಡ್ ವಿಷಯಕ್ಕೆ ಬರೋಣ, ಜನ ಜಾಸ್ತಿ ಸಿಟ್ಟಾಗೋದು ಇಲ್ಲೇ. ಮೋಟರ್‌ವೇ ಮಿತಿ 70 ಮೈಲಿ, ಆದ್ರೆ ತಲೆ ಮೇಲಿನ ಬೋರ್ಡಲ್ಲಿ ಕೆಂಪು ಉಂಗುರದೊಳಗೆ 50, 40 ಅಂತ ಬಂದ್ರೆ ಅದೇ ಕಾನೂನು. ಮುಂದೆ ರೋಡ್ ಖಾಲಿ ಇದೆಯಲ್ಲ ಯಾಕಪ್ಪ 50 ಅಂತ ಅನ್ಸತ್ತೆ. ಆದ್ರೆ ಒಬ್ಬ ಸುಮ್ನೆ ಬ್ರೇಕ್ ಮುಟ್ಟಿದ್ರೆ ಹಿಂದಿನವನು ಸ್ವಲ್ಪ ಜೋರಾಗಿ ಒತ್ತಾನೆ, ಅವನ ಹಿಂದಿನವನು ಇನ್ನೂ ಜೋರಾಗಿ, ಕೆಂಪು ದೀಪ ಒಂದೊಂದಾಗಿ ಹತ್ಕೋತಾ ಹಿಂದಕ್ಕೆ ಬರೋದು ಕಣ್ಣಿಗೇ ಕಾಣತ್ತೆ, ಕೊನೆಗೆ ಎಲ್ಲೋ ಹಿಂದೆ ಇರೋರು ಪೂರ್ತಿ ನಿಂತ್ಬಿಡ್ತಾರೆ, ಅಲ್ಲಿ ಆಕ್ಸಿಡೆಂಟೂ ಇಲ್ಲ ಏನೂ ಇಲ್ಲ. ಇದನ್ನ ತಡೆಯೋಕೆ ಅಂತಾನೇ 1995ರಲ್ಲಿ ಪಶ್ಚಿಮದ ಕಡೆ ಈ ಬದಲಾಗೋ ಮಿತಿ ಶುರು ಮಾಡಿದ್ದು. ಹಾಗಾಗಿ 50 ಅಂದ್ರೆ 50ರಲ್ಲೇ ಒಂದೇ ಸಮ ಹೋಗಿ, ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡ್ ಗ್ಯಾಪ್ ಬಿಡಿ, ಮಳೆ ಬಂದ್ರೆ ನಾಲ್ಕು. ಲೇನ್ ಹಾರಿ ಹಾರಿ ಹೋದೋರು ಎರಡು ಜಂಕ್ಷನ್ ಆದ್ಮೇಲೆ ನಿಮ್ಮ ಪಕ್ಕದಲ್ಲೇ ಸಿಗ್ತಾರೆ, ನಾನು ಎಷ್ಟೋ ಸಲ ನೋಡಿದೀನಿ. ಮೇಲೆ ಕೆಂಪು ಕತ್ತರಿ ಗುರುತು ಕಂಡ್ರೆ ಆ ಲೇನ್ ಕ್ಲೋಸ್, ತಕ್ಷಣ ಬಿಡಿ. ಹಾಗೇ ಹೋದ್ರೆ 100 ಪೌಂಡ್, ಲೈಸೆನ್ಸ್ ಮೇಲೆ 3 ಪಾಯಿಂಟ್, ಅದಕ್ಕಿಂತ ಮುಖ್ಯ ಏನಂದ್ರೆ ಅಲ್ಲಿ ಮುಂದೆ ಯಾರೋ ಗಾಡಿ ಕೆಟ್ಟು ನಿಂತಿರಬಹುದು.

ಗಾಡಿ ಕೆಟ್ರೆ ಏನು ಮಾಡೋದು ಅನ್ನೋದು ಮನೇಲೇ ಮಾತಾಡ್ಕೊಳ್ಳಿ. ಜಂಕ್ಷನ್ 5ರಿಂದ 7, 23ರಿಂದ 27 ಈ ಎರಡು ಕಡೆ ಪಕ್ಕದ ಖಾಲಿ ಪಟ್ಟಿನೇ ಇಲ್ಲ, ಅದೂ ಓಡೋ ಲೇನೇ. ನಂಗೆ ಈಗ್ಲೂ ಆ ಭಾಗ ದಾಟುವಾಗ ಎದೆ ಸ್ವಲ್ಪ ಬಿಗಿಯಾಗತ್ತೆ. ಇಂಜಿನ್ ಎಳೀತಿದ್ರೆ ಹೇಗಾದ್ರೂ ಮುಂದಿನ ಕಿತ್ತಳೆ ಬಣ್ಣದ ಎಮರ್ಜೆನ್ಸಿ ಜಾಗ ಮುಟ್ಟಿ, ಎಡಗಡೆ ಬಾಗಿಲಿಂದ ಎಲ್ರೂ ಇಳಿದು ಬ್ಯಾರಿಯರ್ ಹಿಂದೆ ನಿಂತ್ಕೊಳ್ಳಿ, ಅಲ್ಲಿರೋ ಫೋನಿಂದ ಹೇಳಿ. ಓಡೋ ಲೇನಲ್ಲೇ ನಿಂತ್ಹೋಗಿ ಇಳಿಯೋಕೆ ಆಗದಿದ್ರೆ ಬೆಲ್ಟ್ ಬಿಚ್ಬೇಡಿ, ಹಜಾರ್ಡ್ ಲೈಟ್ ಹಾಕಿ 999ಗೆ ಫೋನ್ ಮಾಡಿ.

ವಯಸ್ಸಾದವ್ರು ಇದ್ರೆ ಟಾಯ್ಲೆಟ್ ಲೆಕ್ಕ ಮೊದ್ಲೇ ಹಾಕಿ. ನಿಲ್ಲಿಸಿ ಟಾಯ್ಲೆಟ್‌ಗೆ ಹೋಗಿ ಟೀ ಕುಡಿಯೋ ಜಾಗಕ್ಕೆ ಇಲ್ಲಿ ಸರ್ವಿಸಸ್ ಅಂತಾರೆ, ದಕ್ಷಿಣದಲ್ಲಿ ಕ್ಲಾಕೆಟ್ ಲೇನ್, ಆಮೇಲೆ ಕೋಬಮ್, ಅದಾದ್ಮೇಲೆ ಪ್ರದಕ್ಷಿಣೆಯಲ್ಲಿ ಸೌತ್ ಮಿಮ್ಸ್ ತನಕ ಎಂ25ರಲ್ಲಿ ಏನೂ ಇಲ್ಲ. ನೀರು, ತಿನ್ನೋಕೆ ಏನಾದ್ರೂ, ಒಂದು ಶಾಲು ಕಾರಲ್ಲೇ ಇರ್ಲಿ. ಒಂದ್ಸಲ ಶುಕ್ರವಾರ ಸಂಜೆ ಜಂಕ್ಷನ್ 12ರ ಹತ್ರ ಮುಕ್ಕಾಲು ಗಂಟೆ ನಿಂತ್ವಿ, ಅಮ್ಮ ಊರಿಂದ ತಂದಿದ್ದ ಕೋಡುಬಳೆ ಡಬ್ಬಿ ಬಿಚ್ಚಿ, ಕಿಟಕಿಯಿಂದ ಅಷ್ಟೂ ಲೇನ್ ನೋಡಿ, "ಇಷ್ಟು ಗಾಡಿ ನಿಂತಿದೆ, ಒಬ್ರೂ ಹಾರ್ನ್ ಹೊಡೀತಿಲ್ವಲ್ಲೋ" ಅಂದ್ರು. ಆವತ್ತಿಂದ ನಂಗೂ ನಿಂತಾಗ ಸಿಟ್ಟು ಕಮ್ಮಿ ಆಗಿದೆ.

ಟೈಮ್ ನಿಮ್ಮ ಕೈಲಿದ್ರೆ ಬೆಳಗ್ಗೆ 7ರಿಂದ 9:30, ಸಂಜೆ 4ರಿಂದ 6:30 ಬಿಟ್ಬಿಡಿ, ಅದ್ರಲ್ಲೂ ಜಂಕ್ಷನ್ 10ರಿಂದ 16ರ ತನಕದ ಪಶ್ಚಿಮದ ಭಾಗ. ಫ್ಲೈಟ್ ಹಿಡಿಯೋದಿದ್ರೆ ಮ್ಯಾಪ್ ತೋರ್ಸೋ ಟೈಮಿಗೆ ಇನ್ನೊಂದು ಗಂಟೆ ಸೇರಿಸಿ.

ಈ ರೋಡಲ್ಲಿ ಇಷ್ಟ ಆಗೋ ಜಾಗನೂ ಇದೆ. ಜಂಕ್ಷನ್ 26 ಮತ್ತೆ 27ರ ಮಧ್ಯೆ ಎಪ್ಪಿಂಗ್ ಹತ್ರ ಬೆಲ್ ಕಾಮನ್ ಅಂತ ಒಂದು ಸುರಂಗ ಬರತ್ತೆ, ಅದರ ಮೇಲೆ ಕ್ರಿಕೆಟ್ ಮೈದಾನ ಇದೆ. ಕೆಳಗೆ ನಾವು ಲಾರಿ ಮಧ್ಯೆ ಹೋಗ್ತಿದ್ರೆ ನಮ್ಮ ತಲೆ ಮೇಲೆ ಯಾರೋ ಓಡಿ ರನ್ ತಗೋತಿರ್ತಾರೆ. ನನ್ನ ಮಗನಿಗೆ ಹೇಳಿದ್ಮೇಲೆ ಅವನು ಆ ಸುರಂಗ ಬಂದಾಗೆಲ್ಲ ಸ್ಕೋರ್ ಎಷ್ಟು ಅಂತ ಕೇಳ್ತಾನೆ.

ಹೊಸಬರು ಅಭ್ಯಾಸಕ್ಕೆ ಭಾನುವಾರ ಬೆಳಗ್ಗೆ ಏಳರೊಳಗೆ ಹೊರಡಿ. ಮೊದಲ ವಾರ ಎರಡು ಜಂಕ್ಷನ್ ಹೋಗಿ, ಇಳಿದು, ರೌಂಡಬೌಟಲ್ಲಿ ತಿರುಗಿ ವಾಪಸ್ ಬನ್ನಿ. ಎರಡನೇ ವಾರ ಒಂದು ಸರ್ವಿಸಸ್ ತನಕ, ಟೀ ಕುಡ್ಕೊಂಡು ಬನ್ನಿ. ಮೂರನೇ ವಾರ ಹೀತ್ರೋ ತನಕ ಹೋಗಿ, ಟರ್ಮಿನಲ್ ಬೋರ್ಡುಗಳು ಎಲ್ಲಿ ಎಲ್ಲಿ ಕವಲೊಡೆಯತ್ತೆ ನೋಡ್ಕೊಳ್ಳಿ, ಡ್ರಾಪ್ ಆಫ್ ಒಳಗೆ ಮಾತ್ರ ನುಗ್ಬೇಡಿ, ಅಲ್ಲೂ ಕ್ಯಾಮೆರಾ, ಅಲ್ಲೂ ದುಡ್ಡು. ಅಪ್ಪ ಅಮ್ಮ ಬಂದಿಳಿಯೋ ದಿನ ಆ ದಾರಿ ನಿಮಗೆ ಹೊಸದಾಗಿರಲ್ಲ.