ಸಿಪಿಆರ್ ನಡೆಯುವಾಗ ಸಿಓಟು ಗೆರೆ ನೋಡುವುದು ಹೇಗೆ?

ಡೊಂಬಿವಲಿಯಿಂದ ಲೋಕಲ್ ಹಿಡಿದು ಐಸಿಯು ಡ್ಯೂಟಿಗೆ ಬರುವ ನಮ್ಮೂರ ಹುಡುಗಿಯರು ನನ್ನನ್ನು ಕೇಳುವುದು ಒಂದೇ: ‘ಅಕ್ಕಾ, ಸಿಪಿಆರ್ ಆಗುವಾಗ ಇಟಿಸಿಓಟು ಎಷ್ಟಿರಬೇಕು?’ ಸಿಪಿಆರ್ ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು; ಇಟಿಸಿಓಟು ಅಂದರೆ ಬಿಟ್ಟ ಉಸಿರಿನ ಕೊನೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಓಟು. ಸಾಧಾರಣವಾಗಿ ನಮಗೆಲ್ಲ 35ರಿಂದ 45 ಎಂಎಂಎಚ್‌ಜಿ (ಒತ್ತಡದ ಅಳತೆ) ಇರುತ್ತದೆ. ಹೃದಯ ನಿಂತಾಗ ಅಷ್ಟು ಸಿಗುವುದಿಲ್ಲ. ಎದೆ ಒತ್ತಿದಾಗ ಶ್ವಾಸಕೋಶಕ್ಕೆ ಎಷ್ಟು ರಕ್ತ ಹೋಯಿತೋ ಅಷ್ಟೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುವುದು. ಕನಿಷ್ಠ 10 ಬೇಕು, 20 ದಾಟಿದರೆ ಒಳ್ಳೆಯದು.

ಮಾನಿಟರ್ ಆನ್ ಮಾಡಿ, ಶ್ವಾಸನಾಳಕ್ಕೆ ಹಾಕಿದ ಟ್ಯೂಬಿಗೂ ಕೈಯಲ್ಲಿ ಹಿಂಡಿ ಉಸಿರು ಕೊಡುವ ಬ್ಯಾಗಿಗೂ ನಡುವೆ ಸಿಓಟು ಅಳೆಯುವ ಅಡಾಪ್ಟರ್ ಸಿಕ್ಕಿಸಿ. ಉಸಿರನ್ನು ಸಣ್ಣ ಪೈಪಿನಲ್ಲಿ ಎಳೆದುಕೊಳ್ಳುವಂಥದ್ದಾದರೆ ಆ ಪೈಪಿನ ಬಾಯಿ ಮೇಲಕ್ಕಿರಲಿ. ಕೆಳಕ್ಕಿದ್ದರೆ ಉಸಿರಿನ ನೀರು ಇಳಿದು ಪೈಪ್ ಕಟ್ಟಿಕೊಳ್ಳುತ್ತದೆ.

ಮೊದಲು ಗೆರೆ ನೋಡಿ, ಅಂಕಿ ಆಮೇಲೆ. ಎದೆ ಒತ್ತುತ್ತಿದ್ದರೂ ಗೆರೆ ಮಟ್ಟಸವಾಗಿ ಮಲಗಿದೆಯಾ? ‘ಹಾರ್ಟ್ ನಿಂತಿದೆಯಲ್ಲ, ಹಾಗಾಗಿ’ ಅಂತ ಸುಮ್ನಿರಬೇಡಿ. ಟ್ಯೂಬ್ ಸರಿ ಜಾಗದಲ್ಲಿದ್ದು ಸಿಪಿಆರ್ ನಡೆಯುತ್ತಿದ್ದರೆ ಚಿಕ್ಕದಾದರೂ ಗುಡ್ಡಗಳು ಬಂದೇ ಬರುತ್ತವೆ. ಬರಲಿಲ್ಲವೆಂದರೆ ಟ್ಯೂಬ್ ಅನ್ನನಾಳಕ್ಕೆ ಹೋಗಿದೆ ಎಂದೇ ಹಿಡಿದು ಡಾಕ್ಟರಿಗೆ ಕೂಗಿ ಹೇಳಿ. ಸಿಓಟು ತಗುಲಿದರೆ ನೇರಳೆಯಿಂದ ಹಳದಿಗೆ ತಿರುಗುವ ಬಣ್ಣದ ಡಬ್ಬಿ ನನಗೆ ಹಿಡಿಸುವುದಿಲ್ಲ. ರಕ್ತದ ಓಟ ತೀರಾ ಕಡಿಮೆ ಇದ್ದಾಗ ಟ್ಯೂಬ್ ಸರಿಯಿದ್ದರೂ ಅದು ಬಣ್ಣ ಬದಲಿಸದೇ ಇರಬಹುದು. ಮುಂಬಯಿ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದಿಟ್ಟರಂತೂ ಕಥೆ ಮುಗಿಯಿತು.

ಈಗ ಎಲ್ಲರೂ ಎಡವುವ ಜಾಗ. ಅಂಕಿ 16ರಿಂದ 9ಕ್ಕೆ ಇಳಿಯಿತು ಅನ್ನಿ. ಕೂಡಲೇ ನಾಲ್ಕು ಬಾಯಿ ‘ಜೋರ್ ಸೇ ದಬಾವೋ’ (ಜೋರಾಗಿ ಒತ್ತಿ) ಅನ್ನುತ್ತವೆ. ತಾಳಿ, ಮೊದಲು ಬ್ಯಾಗ್ ಹಿಡಿದ ಕೈ ನೋಡಿ. ಗಾಬರಿಯಲ್ಲಿ ಆ ಕೈ ಹಾರ್ನ್ ಒತ್ತಿದ ಹಾಗೆ ಒತ್ತುತ್ತಿರುತ್ತದೆ. ಜಾಸ್ತಿ ಗಾಳಿ ಹೊಡೆದರೆ ಸಿಓಟು ತೊಳೆದುಹೋಗಿ ಅಂಕಿ ಸುಳ್ಳು ಹೇಳುತ್ತದೆ. ಸಾಲದ್ದಕ್ಕೆ ಎದೆಯೊಳಗೆ ಒತ್ತಡ ಏರಿ, ಹೃದಯಕ್ಕೆ ವಾಪಸ್ ಬರುವ ರಕ್ತವೂ ಕಡಿಮೆಯಾಗುತ್ತದೆ. ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಹೀಗೇ ಆಗಿ, ಒತ್ತುತ್ತಿದ್ದ ವಾರ್ಡ್‌ಬಾಯ್ ಸುಮ್ನೆ ಬೈಸಿಕೊಂಡ. ತಪ್ಪು ನನ್ನ ಕೈಯದ್ದು.

ಟ್ಯೂಬ್ ಹಾಕಿದ ಮೇಲೆ 6 ಸೆಕೆಂಡಿಗೆ ಒಂದು ಉಸಿರು ಸಾಕು. ಗಡಿಯಾರ ನೋಡಲು ಪುರುಸೊತ್ತೆಲ್ಲಿ ಅಲ್ವಾ? ಒತ್ತುವವರ ಜೊತೆಗೇ ಎಣಿಸಿ, ಹತ್ತು–ಹನ್ನೆರಡು ಒತ್ತಿಗೆ ಒಮ್ಮೆ ಬ್ಯಾಗ್ ಹಿಂಡಿ. ಅವರು ನಿಲ್ಲಿಸುವುದು ಬೇಡ. ಒಂದೇ ಕೈಯಲ್ಲಿ ಹಿಂಡಿ, ಎದೆ ಏರಿದ್ದು ಕಂಡ ಕೂಡಲೇ ಬಿಡಿ. ದೊಡ್ಡವರ ಬ್ಯಾಗನ್ನು ಪೂರ್ತಿ ಹಿಂಡುವುದು ಶುದ್ಧ ತಪ್ಪು.

ಬ್ಯಾಗ್ ಸರಿಯಿದ್ದೂ ಅಂಕಿ ಏರಲಿಲ್ಲವೇ? ಆಗ ಒತ್ತುವವರನ್ನು ಬದಲಿಸಿ, ಅವರ 2 ನಿಮಿಷದ ಸರದಿ ಮುಗಿಯದಿದ್ದರೂ ಸರಿ. ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೇಳಬೇಕು. ಸುಸ್ತಾದವರು ಎದೆಯ ಮೇಲೇ ಒರಗಿಬಿಡುತ್ತಾರೆ, ಅದು ಅವರಿಗೇ ಗೊತ್ತಾಗುವುದಿಲ್ಲ.

ಅಂಕಿ ತಟ್ಟನೆ 35–40ಕ್ಕೆ ಹಾರಿದರೆ ಹೃದಯ ಮರಳಿರಬಹುದು. ಅದೊಂದನ್ನೇ ನಂಬಿ ಕೈ ತೆಗೆಯಬೇಡಿ, ಮುಂದಿನ ಚೆಕ್‌ನಲ್ಲಿ ನಾಡಿ ನೋಡಿ. ಈಗಷ್ಟೇ ಬೈಕಾರ್ಬ್ (ರಕ್ತದ ಆಮ್ಲ ತಗ್ಗಿಸುವ ಔಷಧಿ) ಕೊಟ್ಟಿದ್ದರೂ ಸ್ವಲ್ಪ ಹೊತ್ತು ಏರುತ್ತದೆ. ಟ್ಯೂಬ್ ಹಾಕಿ 20 ನಿಮಿಷವಾದರೂ 10 ದಾಟದಿದ್ದರೆ ಲಕ್ಷಣ ಒಳ್ಳೆಯದಲ್ಲ. ಆದರೆ ನಿಲ್ಲಿಸುವುದನ್ನು ಆ ಅಂಕಿಯೊಂದೇ ತೀರ್ಮಾನಿಸಬಾರದು.

ಎಲ್ಲ ಮುಗಿದ ಮೇಲೆ ಪೈಪ್ ಎಸೆದು, ಹೊಸದನ್ನು ಪ್ಯಾಕೆಟ್ ಒಡೆಯದೆ ಟ್ರಾಲಿಯಲ್ಲಿಡಿ. ನೈಟ್ ಶಿಫ್ಟಿನವರು ಸ್ಟೋರ್ ರೂಮಿನ ಬೀಗದ ಕೈ ಹುಡುಕುವ ಹಾಗಾಗಬಾರದು.