ಓದುತ್ತಾ ಗಾಬರಿಯಾದರೆ ಬೆರಳು ಎತ್ತದೆ ಮೂರು ಉಸಿರು

ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಂದರೆ, ಇರುವ ಮಕ್ಕಳಿಗೆ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಓದು ಹೇಳಿಕೊಡುತ್ತೇನೆ. ಅವರನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರಲ್ಲಿ ಅನೇಕರು ಈಗ ಉಸಿರಾಟದ ವಿರಾಮದ ಬಗ್ಗೆ, ಅಂದರೆ ಗಾಬರಿಯಾದಾಗ ಓದು ನಿಲ್ಲಿಸಿ ಕೆಲವು ಉಸಿರು ತೆಗೆದುಕೊಳ್ಳುವುದರ ಬಗ್ಗೆ, ಎಲ್ಲೋ ಕೇಳಿರುತ್ತಾರೆ. ಮಗು ತಡವರಿಸಿದ ಕೂಡಲೇ, "ಪುಸ್ತಕ ಮುಚ್ಚು ಪುಟ್ಟಾ, ಕಣ್ಣು ಮುಚ್ಚು, ಜೋರಾಗಿ ಉಸಿರು ಎಳೆದುಕೋ" ಎನ್ನುತ್ತಾರೆ. ಮಗು ಹಾಗೆಯೇ ಮಾಡುತ್ತದೆ. ಕಣ್ಣು ತೆರೆದರೆ ಪುಟ ಸಿಗುವುದಿಲ್ಲ, ಪುಟ ಸಿಕ್ಕರೆ ಸಾಲು ಸಿಗುವುದಿಲ್ಲ. ಇಳಿದಿದ್ದ ಗಾಬರಿ ಇಮ್ಮಡಿಯಾಗಿ ಮೇಲೇರುತ್ತದೆ. ವಿರಾಮ ತೆಗೆದುಕೊಳ್ಳುವುದು ಸುಲಭ. ಎಲ್ಲರೂ ಎಡವುವುದು ಅಲ್ಲಿಂದ ಸಾಲಿಗೆ ಮರಳುವಾಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಸಿರಾಟದಿಂದ ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಅಕ್ಷರವನ್ನು ಅದರ ಧ್ವನಿಯೊಂದಿಗೆ ಬೇಗ ಜೋಡಿಸುವುದು ಈ ಮಕ್ಕಳಿಗೆ ಹುಟ್ಟಿನಿಂದಲೇ ಕಷ್ಟ. ಬುದ್ಧಿಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಓದುವಾಗ ಮೊದಲ ಅಕ್ಷರವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಮುಂದಿನದನ್ನು ಬಿಡಿಸಬೇಕು. ಹೆದರಿಕೆ ಹೊಕ್ಕರೆ ಆ ಹಿಡಿತ ಸಡಿಲುತ್ತದೆ, ನಿನ್ನೆ ಸರಾಗವಾಗಿ ಓದಿದ ಪದವೂ ಇಂದು ಬಾಯಿಗೆ ಬರುವುದಿಲ್ಲ. ವಿರಾಮ ಮಾಡುವುದು ಇಷ್ಟೇ: ಹೆದರಿಕೆ ಕಿತ್ತುಕೊಂಡ ಜಾಗವನ್ನು ಬಿಡಿಸಿಕೊಡುತ್ತದೆ. ಓದು ಕಲಿಸುವ ಕೆಲಸ ಬೇರೆ, ಅದು ನಡೆಯುತ್ತಲೇ ಇರಬೇಕು.

ಮೊದಲು ಮಗುವಿನ ಗುರುತು ಹಿಡಿಯಿರಿ

ಕಣ್ಣಲ್ಲಿ ನೀರು ಬಂದ ಮೇಲೆ ವಿರಾಮ ಕೊಟ್ಟು ಪ್ರಯೋಜನವಿಲ್ಲ. ಗಾಬರಿಗೆ ಮುಂಚೆ ಪ್ರತಿ ಮಗುವೂ ಒಂದು ಸುಳಿವು ಕೊಡುತ್ತದೆ. ಒಬ್ಬಳ ಕಿವಿ ಕೆಂಪಾಗುತ್ತದೆ, ಇನ್ನೊಬ್ಬನ ಧ್ವನಿ ಇಳಿಯುತ್ತದೆ, ಮತ್ತೊಬ್ಬ ಮೇಜಿನ ಕೆಳಗೆ ಕಾಲು ಅಲುಗಿಸತೊಡಗುತ್ತಾನೆ. ನನ್ನ ಬಳಿ ಬರುವ ಏಳನೇ ತರಗತಿಯ ಹುಡುಗ ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಲು ಶುರುಮಾಡುತ್ತಾನೆ: "ಸಾಮ್ರಾಜ್ಯ" ಇದ್ದಲ್ಲಿ "ಸಾಮಾನ್ಯ" ಎನ್ನುತ್ತಾನೆ. ಒಂದು ವಾರ ಸುಮ್ಮನೆ ಗಮನಿಸಿದರೆ ನಿಮ್ಮ ಮಗುವಿನ ಗುರುತು ಸಿಗುತ್ತದೆ. ಸಿಕ್ಕ ಮೇಲೆ ಅದನ್ನು ಮಗುವಿಗೂ ಹೇಳಿ.

ಬೆರಳು, ಪಾದ, ಉಸಿರು

ಓದು ನಿಲ್ಲಿಸಿದ ಪದದ ಕೆಳಗೆ ಬೆರಳು ಊರಲಿ. ಎರಡೂ ಪಾದ ನೆಲಕ್ಕೆ ತಾಗಿರಲಿ. ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಂಡು, ಬಿಸಿ ಸಾರನ್ನು ಆರಿಸುವಂತೆ ಬಾಯಿಯಿಂದ ನಿಧಾನವಾಗಿ ಊದಲಿ. ಮೂರು ಸಲ, ಅಷ್ಟೇ.

ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಿರಬೇಕು, ಏಕೆಂದರೆ ಉಸಿರು ಬಿಡುವಾಗಲೇ ಎದೆಬಡಿತ ನಿಧಾನವಾಗುವುದು. "ಜೋರಾಗಿ ಎಳೆದುಕೋ" ಎಂದರೆ ಮಗು ಭುಜ ಎತ್ತಿ, ಎದೆ ಸೆಟೆಸಿ, ಇನ್ನಷ್ಟು ಬಿಗಿಯಾಗುತ್ತದೆ. ನಾಲ್ಕು ಎಣಿಸು, ಏಳು ಎಣಿಸು ಎಂಬ ಲೆಕ್ಕವನ್ನೂ ನಾನು ಬಿಟ್ಟಿದ್ದೇನೆ; ಮೊದಲೇ ತಲೆ ತುಂಬಿರುವ ಮಗುವಿಗೆ ಎಣಿಕೆ ಇನ್ನೊಂದು ಹೊರೆ. ಕಣ್ಣು ಮುಚ್ಚುವುದಂತೂ ಬೇಡವೇ ಬೇಡ. ತರಗತಿಯಲ್ಲಿ ಕಣ್ಣು ಮುಚ್ಚಿದರೆ ಪಕ್ಕದವರೆಲ್ಲ ತಿರುಗಿ ನೋಡುತ್ತಾರೆ.

ಉಸಿರಾಟಕ್ಕೆ ಗಂಟೆ ಬಾರಿಸುವ ಮೊಬೈಲ್ ಆಪ್‌ಗಳನ್ನು ಕೊಳ್ಳಬೇಡಿ. ಮೊಬೈಲ್ ಕೈಗೆ ಬಂದರೆ ಇಪ್ಪತ್ತು ಸೆಕೆಂಡಿನ ವಿರಾಮ ಇಪ್ಪತ್ತು ನಿಮಿಷವಾಗುತ್ತದೆ. ಓದಿನ ತೊಂದರೆ ನೀಗುತ್ತದೆಂದು ಮಾರುವ ಬಣ್ಣದ ಕನ್ನಡಕ, ಬಣ್ಣದ ಹಾಳೆಗಳಿಗೂ ಹಣ ಸುರಿಯಬೇಡಿ. ಅವುಗಳ ಉಪಯೋಗಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಯೊಂದನ್ನು ಎತ್ತಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಅದು ಬೇಕು.

ಸಾಲಿಗೆ ಮರಳುವುದು

ಇಲ್ಲಿ ಅವಸರ ಬೇಡ. ಮೂರನೆಯ ಉಸಿರು ಮುಗಿದ ಕೂಡಲೇ ಮಗು ಅದೇ ಕಷ್ಟದ ಪದದ ಮೇಲೆ ಬೀಳುತ್ತದೆ, ನಾವೂ "ಈಗ ಓದು ನೋಡೋಣ" ಎಂದು ಕಾಯುತ್ತೇವೆ. ಆ ಕಾಯುವಿಕೆಯೇ ಗಾಬರಿಯನ್ನು ವಾಪಸ್ಸು ಕರೆಯುತ್ತದೆ.

ಆ ಏಳನೇ ತರಗತಿಯ ಹುಡುಗನ ಸಾಲನ್ನೇ ತೆಗೆದುಕೊಳ್ಳಿ: "ವಿಜಯನಗರ ಸಾಮ್ರಾಜ್ಯವು 1336ರಲ್ಲಿ ಸ್ಥಾಪನೆಯಾಯಿತು." ಬೆರಳು "ಸಾಮ್ರಾಜ್ಯ"ದ ಕೆಳಗಿದೆ. ಅದು ಅಲ್ಲೇ ಇರಲಿ, ಕಣ್ಣು ಮಾತ್ರ ಒಂದು ಪದ ಹಿಂದೆ ಹೋಗಲಿ. "ವಿಜಯನಗರ" ಅವನಿಗೆ ಗೊತ್ತು, ಬೆಂಗಳೂರಿನಲ್ಲಿ ಅದೇ ಹೆಸರಿನ ಬಡಾವಣೆಯಲ್ಲಿ ಅವನ ಸೋದರತ್ತೆಯ ಮನೆಯಿದೆ, ದಿನಾ ಮೆಟ್ರೋದಲ್ಲಿ ಕೇಳುವ ಹೆಸರು. ಅದನ್ನು ಗಟ್ಟಿಯಾಗಿ ಓದುತ್ತಾನೆ. ಕಾಲಿಗೆ ನೆಲ ಸಿಕ್ಕಿತು.

ಈಗ ಲಗ್ನಪತ್ರಿಕೆಯ ಅಂಚಿನಿಂದ ಕಷ್ಟದ ಪದವನ್ನು ಮುಚ್ಚಿ, ಎಡದಿಂದ ಒಂದೊಂದೇ ಅಕ್ಷರ ತೆರೆಯಬೇಕು. ಮೊದಲು "ಸಾ". ಅನಂತರ "ಮ್ರಾ". ಅವನು ತಪ್ಪುವುದು ಇಲ್ಲೇ. ಕಣ್ಣು ಮೇಲಿನ "ಮಾ" ನೋಡಿ ಮುಂದೆ ಓಡುತ್ತದೆ, ಕೆಳಗಿನ ರ ಒತ್ತು ಕಾಣದೇ ಹೋಗುತ್ತದೆ. ಕನ್ನಡದಲ್ಲಿ ಕಣ್ಣು ಎಡದಿಂದ ಬಲಕ್ಕೆ ಸಾಗಿದರೆ ಸಾಲದು, ಒತ್ತಕ್ಷರಕ್ಕಾಗಿ ಕೆಳಗೂ ಇಳಿಯಬೇಕು. ಆದ್ದರಿಂದ ಬೆರಳಿನ ತುದಿ ಒತ್ತಿನ ಕೆಳಗೆ ಬರಲಿ: ಮ್, ರಾ, ಮ್ರಾ. ಬಳಿಕ "ಜ್ಯ". ಮೂರನ್ನೂ ಕೂಡಿಸಿ ಒಮ್ಮೆ, ಆಮೇಲೆ ವಾಕ್ಯವನ್ನು ಮೊದಲಿನಿಂದ ಒಮ್ಮೆ ಓದಲಿ. ವಾಕ್ಯವನ್ನು ಮತ್ತೆ ಓದಿಸದಿದ್ದರೆ ಪದ ಬಾಯಿಗೆ ಬಂದಿರುತ್ತದೆ, ಅರ್ಥ ಹೋಗಿರುತ್ತದೆ.

ಆಗಲೂ ಬರಲಿಲ್ಲವೇ? ಪದವನ್ನು ನೀವೇ ಹೇಳಿಕೊಟ್ಟು ಮುಂದೆ ಸಾಗಿ. ಒಂದೇ ಪದಕ್ಕೆ ಎರಡು ವಿರಾಮ ಬೇಡ; ಎರಡನೆಯದು ಮಗುವಿಗೆ ಶಿಕ್ಷೆಯಂತೆ ಅನಿಸುತ್ತದೆ. ಈ ಹಂತದಲ್ಲಿ ನೀವು ಮೌನವಾಗಿರುವುದು ಬಹಳ ಮುಖ್ಯ. "ಶಾಂತವಾಗಿರು" ಎಂದು ಸಿಡುಕಿನ ದನಿಯಲ್ಲಿ ಹೇಳುವುದಕ್ಕಿಂತ, ಪಕ್ಕದಲ್ಲಿ ಕುಳಿತು ನೀವೂ ನಿಧಾನವಾಗಿ ಉಸಿರು ಬಿಡಿ.

ಅಭ್ಯಾಸ ಮತ್ತು ಪರೀಕ್ಷೆ

ಸುಲಭದ ಪಾಠದಲ್ಲಿ, ಗಾಬರಿ ಇಲ್ಲದಾಗಲೇ ದಿನಕ್ಕೆ ಎರಡು ಸಲ ಅಭ್ಯಾಸವಾಗಲಿ. ಪರೀಕ್ಷೆಯ ಹಿಂದಿನ ರಾತ್ರಿ ಹೊಸದಾಗಿ ಕಲಿಸಿದರೆ ಯಾವ ಫಲವೂ ಇಲ್ಲ.

"ಮಿಸ್, ನಿಲ್ಲಿಸಿದರೆ ಟೈಮ್ ಹೋಗುತ್ತದೆ" ಎನ್ನುವುದು ಮಕ್ಕಳ ದೊಡ್ಡ ಭಯ. ಮೂರು ಉಸಿರಿಗೆ ಹಿಡಿಯುವುದು ಅರ್ಧ ನಿಮಿಷಕ್ಕಿಂತ ಕಡಿಮೆ. ಗಾಬರಿಯಲ್ಲಿ ತಪ್ಪಾಗಿ ಓದಿದ ಒಂದು ಪ್ರಶ್ನೆ ಹತ್ತು ನಿಮಿಷ ನುಂಗುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷದ ಮೊದಲ ಕೆಲಸ ಈ ವಿರಾಮವೇ ಆಗಲಿ. ಡಿಸ್ಲೆಕ್ಸಿಯಾ ಸೇರಿರುವ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಈ ನ್ಯೂನತೆಯ ತಪಾಸಣೆ ನಡೆಯುತ್ತದೆ. ಒಂಬತ್ತು, ಹತ್ತನೇ ತರಗತಿವರೆಗೆ ಕಾಯದೆ ಮುಂಚೆಯೇ ಹೋಗಿ.

ತರಗತಿಯ ಶಿಕ್ಷಕರನ್ನು ಒಮ್ಮೆ ಕಂಡು, ಮಗು ಓದುತ್ತಾ ನಿಲ್ಲಿಸಿ ಬೆರಳು ಊರಿದರೆ ಹತ್ತಿಪ್ಪತ್ತು ಸೆಕೆಂಡು ಕಾಯುವಂತೆ, ಪಕ್ಕದ ಮಗುವಿನಿಂದ ಓದಿಸದಂತೆ ಕೇಳಿಕೊಳ್ಳಿ.

ದೊಡ್ಡವರಿಗೂ ಕ್ರಮ ಇದೇ. ಬ್ಯಾಂಕಿನಲ್ಲಿ ಚಲನ್ ತುಂಬುವಾಗ ಹಿಂದೆ ಸಾಲು ಬೆಳೆದಿದ್ದರೂ ಪೆನ್ನಿನ ತುದಿ ಆ ಚೌಕದ ಮೇಲೆಯೇ ಇರಲಿ, ಮೂರು ಉಸಿರು ಊದಿ, ಹಿಂದಿನ ಚೌಕವನ್ನು ಓದಿಕೊಂಡು ಬರೆಯಿರಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಬೋರ್ಡಿನ ಅಕ್ಷರ ಅಲುಗಿದಂತಾದರೆ ಕಂಡಕ್ಟರನ್ನು ಕೇಳಿ ಹತ್ತಿ.